ನಾಗಾವಿಯ ಆರು ಮಂದಿ ಭಂಡಾರಿಗಳು

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೊರಟ ರೈಲು ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳನ್ನು ದಾಟಿ ಸಾಗುತ್ತದೆ. 1874ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಆರಂಭವಾದ ಹಾದಿಯಿದು. ಮಳಖೇಡವು ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿತ್ತೆಂಬುದನ್ನು ಈ ಭಾಗದ ಶಾಲಾಮಕ್ಕಳೂ ಬಲ್ಲರು. ಚಿತ್ತಾಪುರದ ಮಗ್ಗುಲಿನ ನಾಗಾವಿಯ ಹೆಸರೆತ್ತಿದರೆ ಮಾತ್ರ, "ಎಲ್ಲಮ್ಮನ ಜಾತ್ರಿ ಆಗ್ತದಲ್ರೀ ಅಪ್ಪಾರ, ಅದೇ ಊರಲ್ಲೇನ್ರೀ?" ಎಂದು ಭಕ್ತರು ಕೇಳುತ್ತಾರೆ. ಅದೇ ಊರು. ಎಲ್ಲಮ್ಮನ ದರ್ಶನ ಮುಗಿಸಿ, ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು ಬರುವ ಸಾವಿರಾರು ಜನರಿಗೆ, ತಾವು ಕುಳಿತು ಬಂದದ್ದು ಒಂದು ದೊಡ್ಡ ವಿದ್ಯಾಪೀಠದ ಅಂಗಳದಲ್ಲಿ ಎಂಬುದನ್ನು ಹೇಳುವವರಿಲ್ಲ.

ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, 1058ರ ಶಾಸನವೊಂದು ಇಲ್ಲಿದೆ. ದಂಡನಾಯಕ ಮಧುಸೂದನನು ಇಲ್ಲಿ ದೇವಾಲಯವನ್ನೂ ಘಟಿಕಾಶಾಲೆಯನ್ನೂ ಕಟ್ಟಿಸಿ, ಅವುಗಳ ನಿರ್ವಹಣೆಗೆ ಭೂಮಿ ಬಿಟ್ಟನು. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ ಸುಮಾರು 50 ಮಂದಿ. ಇವರಿಗೆಲ್ಲ ಊಟ, ವಸತಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಶಾಸ್ತ್ರಗಳಲ್ಲಿ ಭಾಟ್ಟ, ಪ್ರಾಭಾಕರ ಎರಡೂ ಇದ್ದವು. ಮೀಮಾಂಸೆ ಓದಿದವರಿಗೆ ಇದರ ಸ್ವಾರಸ್ಯ ತಿಳಿಯುತ್ತದೆ: ಒಬ್ಬರನ್ನೊಬ್ಬರು ಖಂಡಿಸುವುದರಲ್ಲಿಯೇ ಬೆಳೆದ ಎರಡು ಮತಗಳಿಗೆ ಒಂದೇ ಕಣಜದಿಂದ ಅಕ್ಕಿ ಅಳೆಯಲಾಗುತ್ತಿತ್ತು.

ಇಷ್ಟೇ ಆಗಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ. ಅದೇ ಶಾಸನ ಆರು ಮಂದಿ ಸರಸ್ವತೀ ಭಂಡಾರಿಗಳಿಗೂ, ಅಂದರೆ ಗ್ರಂಥಪಾಲಕರಿಗೂ, ವೃತ್ತಿ ಏರ್ಪಡಿಸಿದೆ. ಆರು ಮಂದಿ ಉಪಾಧ್ಯಾಯರಿಗೆ ಆರು ಮಂದಿ ಭಂಡಾರಿಗಳು! ವಿಶ್ವವಿದ್ಯಾಲಯದಲ್ಲಿ ಓದುವಾಗ ಈ ಸಂಖ್ಯೆಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಅದರ ಭಾರ ತಿಳಿದದ್ದು ಈ ವರ್ಷ.

ಶ್ರೀಮಠದ ಗ್ರಂಥಭಂಡಾರವನ್ನು ಹಳೆಯ ವಿದ್ಯಾರ್ಥಿಗಳೆಲ್ಲ ಬಲ್ಲರು. ಗೋಡೆಯಲ್ಲಿ ಶಹಾಬಾದದ ಫರಸಿ ಕೂಡಿಸಿ ಮಾಡಿದ ಗೂಡುಗಳು, ಅವುಗಳಲ್ಲಿ ಕೆಂಪು ಬಟ್ಟೆ ಸುತ್ತಿದ ಓಲೆಗರಿಯ ಕಟ್ಟುಗಳು. ಅವುಗಳನ್ನು ಓದಬಲ್ಲ ಹಿರಿಯ ಶಾಸ್ತ್ರಿಗಳು ಲಿಂಗೈಕ್ಯರಾದ ಮೇಲೆ ಬಾಗಿಲು ತೆರೆಯುವುದು ಪೂಜೆಯ ದಿನ ಮಾತ್ರ. ಈಗ ದಾಸೋಹಕ್ಕೆ ಬರುವವರು ಹೆಚ್ಚಿದ್ದಾರೆ; ದವಸದ ಚೀಲ ಇಡಲು ಸ್ಥಳ ಸಾಲದು. ಆ ಕೋಣೆಯನ್ನು ಉಗ್ರಾಣ ಮಾಡಿ, ಕಟ್ಟುಗಳನ್ನು ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಏರಿಸೋಣವೆಂದು ಸಮಿತಿಯ ಹಿರಿಯರು ಸೂಚಿಸಿದ್ದಾರೆ. ಅವರ ಭಕ್ತಿಯಲ್ಲಿ ಲೋಪವಿಲ್ಲ. ಹಸಿದವನನ್ನು ಹೊರಗೆ ನಿಲ್ಲಿಸಬಾರದೆಂಬುದೇ ಅವರ ಚಿಂತೆ. ಆದರೂ ನಾವು ಒಪ್ಪಿಗೆ ಕೊಟ್ಟಿಲ್ಲ.

ವೈದಿಕರ ಘಟಿಕೆಯ ಮಾತು ವೀರಶೈವ ಮಠಕ್ಕೇಕೆ ಎಂದು ಒಬ್ಬ ಭಕ್ತರು ಕೇಳಿದರು. ಒಳ್ಳೆಯ ಪ್ರಶ್ನೆ. ನಾಗಾವಿಯ ಆ ಶಾಸನಕ್ಕೂ ಬಸವಣ್ಣನವರ ಕಲ್ಯಾಣಕ್ಕೂ ನೂರು ವರ್ಷದ ಅಂತರ, ದಾರಿಯೂ ಬೇರೆ. ಹಾಗಾದರೆ ನಮ್ಮ ಮನೆಯ ಮಾತನ್ನೇ ನೋಡೋಣ. ವಚನಗಳು ನಮಗೆ ದಕ್ಕಿದ್ದು ಹೇಗೆ? ಮಠಗಳಲ್ಲಿಯೂ ಮನೆಗಳ ಜಗಲಿಯ ಮೇಲೆಯೂ ಯಾರೋ ಓಲೆಕಟ್ಟುಗಳನ್ನು ಉಳಿಸಿದ್ದರು. ಫ. ಗು. ಹಳಕಟ್ಟಿಯವರು ವಕೀಲಿಯನ್ನು ಹಿಂದಕ್ಕೆ ಸರಿಸಿ ಊರೂರು ಅಲೆದು ಅವನ್ನು ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರ ಅಚ್ಚಾಯಿತು. ಪೂಜೆಗೊಂಡು ಗೆದ್ದಲಿಗೆ ಹೋದ ಕಟ್ಟುಗಳಲ್ಲಿ ಏನಿತ್ತೆಂಬುದನ್ನು ಹೇಳಬಲ್ಲವರು ಯಾರು? ನಾಗಾವಿಯಲ್ಲಿಯೂ ಉಳಿದದ್ದು ಕಲ್ಲಿನ ಬರಹ. ಆ ಆರು ಮಂದಿ ಕಾಯ್ದ ಗ್ರಂಥಗಳಲ್ಲಿ ಒಂದೂ ಅಲ್ಲಿ ಇಲ್ಲ.

ಉಗ್ರಾಣಕ್ಕೆ ಹಿತ್ತಲಿನ ಹಳೆಯ ಗೋದಲಿಯನ್ನು ದುರಸ್ತಿ ಮಾಡಿಸಬಹುದೆಂದು ನಾವು ಸಮಿತಿಗೆ ತಿಳಿಸಿದ್ದೇವೆ. ಖರ್ಚು ಹೆಚ್ಚು, ನಿಜ. ಓಲೆಯ ಅಕ್ಷರ ಕಲಿಯಲು ಇಬ್ಬರಾದರೂ ಬೇಕು. ಆರು ಮಂದಿಯನ್ನು ಕೇಳುವ ಧೈರ್ಯ ನಮಗಿಲ್ಲ. ಬರುವ ಅಮಾವಾಸ್ಯೆಯಂದು ಸಮಿತಿ ಮತ್ತೆ ಸೇರಲಿದೆ. ಮನಸ್ಸುಳ್ಳ ಹಳೆಯ ವಿದ್ಯಾರ್ಥಿಗಳು ಅದಕ್ಕೆ ಮೊದಲು ಪತ್ರ ಬರೆಯಬೇಕು. ವಸತಿ, ಪ್ರಸಾದದ ವ್ಯವಸ್ಥೆ ಶ್ರೀಮಠದ್ದು. ಪಾಠವನ್ನು ನಾವೇ ಹೇಳುತ್ತೇವೆ.