ಹುಡುಗನೂ ಅಲ್ಲ, ಯಜಮಾನನೂ ಅಲ್ಲ

ಆಯುಷ್ಯದ ಒಂದೊಂದು ಮೆಟ್ಟಿಲಿಗೂ ಜನ ಒಂದು ಶಾಸ್ತ್ರವನ್ನೋ ಗಾದೆಯನ್ನೋ ಇಟ್ಟಿದ್ದಾರೆ. ಹುಟ್ಟಿದರೆ ನಾಮಕರಣ, ಹಲ್ಲು ಬಂದರೆ ಸೋದರಮಾವನಿಗೆ ಸುದ್ದಿ, ಮೀಸೆ ಚಿಗುರಿದರೆ ನೆರೆಹೊರೆಯವರ ಕೀಟಲೆ, ಆಮೇಲೆ ಮದುವೆ. ಅರವತ್ತಾದರೆ ಒಂದು ಕಡೆ ಷಷ್ಟ್ಯಬ್ದಿಯ ಹಾರ, ಇನ್ನೊಂದು ಕಡೆ ‘ಅರವತ್ತಕ್ಕೆ ಅರಳು ಮರುಳು’ ಎಂಬ ಸಮಾಧಾನ. ಪಾಪ, ಮೂವತ್ತಕ್ಕೆ ಮಾತ್ರ ಏನೂ ಇಲ್ಲ. ಎಕ್ಸ್‌ಪ್ರೆಸ್ ಬಸ್ಸು ನಿಲ್ಲಿಸದೆ ಹೋಗುವ ಊರಿನ ಹಾಗೆ ಅದು. ಕಿಟಕಿಯಾಚೆ ಬೋರ್ಡು ಕಂಡಂತಾಗುತ್ತದೆ, ಓದುವಷ್ಟರಲ್ಲಿ ಊರು ಹಿಂದಾಗಿರುತ್ತದೆ.

ಪಂಚಾಂಗದವರು ಮಾತ್ರ ಮೂವತ್ತನ್ನು ಮರೆತಿಲ್ಲ. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು ಅರವತ್ತು. ಮೂವತ್ತಾಯಿತೆಂದರೆ ಚಕ್ರ ಸರಿಯಾಗಿ ಅರ್ಧ ಉರುಳಿದಂತೆ. ಶನಿಮಹಾತ್ಮ ಒಂದು ರಾಶಿಯಲ್ಲಿ ಎರಡೂವರೆ ವರ್ಷ ಕೂರುತ್ತಾನೆ. ಹನ್ನೆರಡು ಮನೆ ಸುತ್ತಿ, ಮಗು ಹುಟ್ಟಿದಾಗ ತಾನಿದ್ದ ಮನೆಗೇ ಮರಳಿ ಬರಲು ಅವನಿಗೆ ಮೂವತ್ತು ವರ್ಷ ಬೇಕು. ಖಗೋಳ ವಿಜ್ಞಾನಿಗಳೂ ಶನಿಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಎನ್ನುತ್ತಾರೆ. ಜ್ಯೋತಿಷಿಗೂ ವಿಜ್ಞಾನಿಗೂ ಹೆಚ್ಚು ಜಗಳವಿಲ್ಲದ ಅಪರೂಪದ ವಿಷಯ ಇದು.

ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಯವನೊಬ್ಬನ ಕಥೆಯನ್ನೇ ತೆಗೆದುಕೊಳ್ಳಿ. ಚನ್ನರಾಯಪಟ್ಟಣದಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಸಣ್ಣ ಅಂಗಡಿ ಅವನದು. ಊರಿನಲ್ಲಿ ಅಪ್ಪನ ಎರಡೆಕರೆ. ಅವನು ಹುಟ್ಟಿದ್ದು ಶ್ರವಣಬೆಳಗೊಳದ ಹತ್ತಿರವಿರುವ ತಾಯಿಯ ತವರಿನಲ್ಲಿ, 1993ರ ಡಿಸೆಂಬರ್‌ನಲ್ಲಿ. ಆ ತಿಂಗಳ 19ರಂದು ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕ ಶುರುವಾಗಿತ್ತು. ತಾಯಿಗೆ ತಾರೀಕು ನೆನಪಿಲ್ಲ. ಯಾರು ಕೇಳಿದರೂ ‘ಅಭಿಷೇಕದ ವರ್ಷ ಹುಟ್ಟಿದ್ದು’ ಎನ್ನುತ್ತಾಳೆ. ಮುಂದಿನ ಅಭಿಷೇಕ 2006ರಲ್ಲಿ. ಆಗ ಅವನು ಬರಿಗಾಲಲ್ಲಿ ಇಂದ್ರಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಓಡಿಕೊಂಡೇ ಹತ್ತಿದ್ದ. ಅದರ ಮುಂದಿನದು 2018ರಲ್ಲಿ. ಆಗ ಓಡಲಿಲ್ಲ, ಆದರೂ ಎಲ್ಲೂ ಕೂರದೆ ಹತ್ತಿದ. ಇನ್ನೊಂದು ಬರಬೇಕಾದದ್ದು 2030ರಲ್ಲಿ. ಹೀಗೆ ಅಳೆದರೆ ಒಂದು ಜೀವಮಾನವೆಂದರೆ ಆರೋ ಏಳೋ ಅಭಿಷೇಕ. ಮೂವತ್ತು ಎಂದಾಗ ಅಷ್ಟೇನೂ ದೊಡ್ಡದಾಗಿ ಕಾಣದ ಲೆಕ್ಕ, ‘ಮೂರು ಮುಗಿದವು’ ಎಂದಾಗ ಎದೆಗೆ ತಾಗುತ್ತದೆ.

2023ರ ಡಿಸೆಂಬರ್‌ನಲ್ಲಿ ಅವನಿಗೆ ಮೂವತ್ತು ತುಂಬಿತು. ಆ ದಿನ ಏನೂ ಆಗಲಿಲ್ಲ. ವಯಸ್ಸಾಗುವುದು ಹುಟ್ಟಿದ ಹಬ್ಬದ ದಿನವಲ್ಲ, ಬೇರೆಯವರ ಬಾಯಿಂದ ಕೇಳಿದ ದಿನ. ಹಾಸನದ ಬಸ್ ನಿಲ್ದಾಣದಲ್ಲಿ ಬ್ಯಾಗು ಹೊತ್ತ ಪಿಯುಸಿ ಹುಡುಗಿಯೊಬ್ಬಳು ‘ಅಂಕಲ್, ಸ್ವಲ್ಪ ಸರ್ಕೊಳ್ಳಿ’ ಎಂದಾಗ ಅವನು ಸರಿಯಲಿಲ್ಲ. ಹಿಂದೆ ಯಾರೋ ಇದ್ದಾರೆಂದು ತಿರುಗಿ ನೋಡಿದ. ಹಿಂದೆ ಕಂಬವಿತ್ತು. ವರ್ಷಗಟ್ಟಲೆ ‘ಒಳಗೆ ಹೋಗೋ ತಮ್ಮ’ ಎನ್ನುತ್ತಿದ್ದ ಕಂಡಕ್ಟರೇ ಈಗ ‘ಒಳಕ್ಕೆ ಹೋಗಿ ಯಜಮಾನ್ರೆ’ ಎಂದ. ಕ್ಷೌರದಂಗಡಿಯವನು ಕಿವಿಯ ಮೇಲಿನ ಕೂದಲು ಎತ್ತಿ ಹಿಡಿದು, ಏನೂ ಹೇಳದೆ, ಬಣ್ಣದ ಪೊಟ್ಟಣದ ಕಡೆ ಕಣ್ಣು ಹಾಯಿಸಿದ. ಸಂಕ್ರಾಂತಿಗೆ ಊರಿನ ಬಯಲಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ನಡೆಯುತ್ತಿತ್ತು. ಪ್ಯಾಂಟು ಮಡಿಸಿಕೊಂಡು ಹೋದವನಿಗೆ ಹುಡುಗರು ಬಹಳ ಗೌರವದಿಂದ ಹೇಳಿದರು: ‘ಅಣ್ಣ, ನೀವು ಅಂಪೈರ್ ಆಗ್ಬಿಡಿ.’ ತಂಡದಿಂದ ತೆಗೆದುಹಾಕುವುದಕ್ಕೆ ಇದಕ್ಕಿಂತ ಮರ್ಯಾದೆಯ ಮಾತು ಇನ್ನೊಂದು ಉಂಟೆ?

ಸರ್ಕಾರವೂ ಆ ಹುಡುಗರ ಪಕ್ಷವೇ. 2003ರ ರಾಷ್ಟ್ರೀಯ ಯುವ ನೀತಿಯಲ್ಲಿ ಯುವಜನ ಎಂದರೆ 13ರಿಂದ 35 ವರ್ಷದವರು. 2014ರ ನೀತಿ ಬಂದಾಗ ಅದು 15ರಿಂದ 29ಕ್ಕೆ ಇಳಿಯಿತು. ಅಂದರೆ 2013ರಲ್ಲಿ ಮೂವತ್ತು ತುಂಬಿದವನು ಯುವಕ, ಹತ್ತು ವರ್ಷ ತಡವಾಗಿ ತುಂಬಿದವನು ಅಲ್ಲ! ಸಂವಿಧಾನವಂತೂ ಇನ್ನೂ ಸ್ಪಷ್ಟ. ವಿಧಾನಸಭೆಗೂ ಲೋಕಸಭೆಗೂ ನಿಲ್ಲಲು 25 ವರ್ಷ ಸಾಕು. ವಿಧಾನ ಪರಿಷತ್ತಿಗೂ ರಾಜ್ಯಸಭೆಗೂ 30 ಆಗಿರಬೇಕು. ಹಿರಿಯರ ಮನೆಯ ಬಾಗಿಲು ತೆರೆಯುವುದೇ ಮೂವತ್ತಕ್ಕೆ. ಇತ್ತ ಐಎಎಸ್ ಪರೀಕ್ಷೆಯ ಬಾಗಿಲು ಸಾಮಾನ್ಯ ವರ್ಗದವರಿಗೆ 32ಕ್ಕೆ ಮುಚ್ಚುತ್ತದೆ. ಒಂದು ಬಾಗಿಲು ತೆರೆಯುವ ಸದ್ದು, ಇನ್ನೊಂದು ಮುಚ್ಚುವ ಸದ್ದು ಒಟ್ಟಿಗೇ ಕೇಳುವ ವಯಸ್ಸು ಇದು. ಎರಡರ ಕಡೆಗೂ ಹೋಗದ ಮೋಟಾರು ರಿಪೇರಿಯವನಿಗೂ ಆ ಸದ್ದು ಕೇಳಿಸುತ್ತದೆ.

ಹಿಂದೆ ಇಷ್ಟೊಂದು ಗೊಂದಲವಿರಲಿಲ್ಲ. 1951ರ ಸುಮಾರಿಗೆ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸಿನಲ್ಲಿತ್ತು. ಎಳೆಯ ಮಕ್ಕಳು ಅಷ್ಟೊಂದು ಸಂಖ್ಯೆಯಲ್ಲಿ ಸಾಯುತ್ತಿದ್ದುದರಿಂದ ಸರಾಸರಿ ಅಷ್ಟು ಕೆಳಗೆ ಇಳಿದಿತ್ತು ಎಂಬುದು ನಿಜ. ಆದರೂ ಬದುಕಿ ಉಳಿದವರು ಬೇಗ ದೊಡ್ಡವರಾಗಬೇಕಿತ್ತು. ಅವನ ತಾತನಿಗೆ ಮೂವತ್ತಕ್ಕೆ ನಾಲ್ಕು ಮಕ್ಕಳು, ಒಂದು ಜೊತೆ ಎತ್ತು, ಊರ ಪಂಚಾಯಿತಿಯಲ್ಲಿ ಒಂದು ಜಾಗ. ಹೊಳೆನರಸೀಪುರದ ಜನರಂತೂ ಇದಕ್ಕೆ ದೊಡ್ಡ ಉದಾಹರಣೆಯನ್ನೇ ಕೊಡುತ್ತಾರೆ. 1933ರ ಮೇ ತಿಂಗಳಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು 1962ರ ಚುನಾವಣೆಯಲ್ಲಿ ಪಕ್ಷೇತರರಾಗಿ ಇಲ್ಲಿಂದ ಶಾಸನಸಭೆಗೆ ಗೆದ್ದಾಗ ಮೂವತ್ತು ತುಂಬಿರಲಿಲ್ಲ. ಅರಳಿಕಟ್ಟೆಯ ಹಿರಿಯರು ಈ ಮಾತು ತೆಗೆದಾಗಲೆಲ್ಲ ಮೂವತ್ತು ದಾಟಿದ ಹುಡುಗರು ಬೀಡಿ ನೆಪದಲ್ಲಿ ಮೆಲ್ಲಗೆ ಎದ್ದು ಹೋಗುತ್ತಾರೆ. ಅದೇ ಗೌಡರು ಪ್ರಧಾನಿಯಾದದ್ದು 1996ರಲ್ಲಿ, ಅರವತ್ಮೂರನೆಯ ವಯಸ್ಸಿನಲ್ಲಿ ಎಂಬುದನ್ನು ಕಟ್ಟೆಯ ಮೇಲೆ ಯಾರೂ ನೆನಪಿಸುವುದಿಲ್ಲ. ಎದ್ದು ಹೋಗುವವರಿಗೆ ಬೇಕಾದದ್ದು ಆ ಎರಡನೆಯ ಲೆಕ್ಕ.

ಈ ಸೀಮೆಯಲ್ಲಿ ಮೂವತ್ತು ನಿಜವಾಗಿ ಕಚ್ಚುವುದು ಹೆಣ್ಣು ನೋಡುವ ಹೊತ್ತಿನಲ್ಲಿ. ಮದುವೆಯಾಗದ ಗಂಡಿಗೆ ಎಷ್ಟೇ ವಯಸ್ಸಾದರೂ ಕನ್ನಡದಲ್ಲಿ ‘ಹುಡುಗ’ ಎಂದೇ ಹೆಸರು. ಹಾಗಾಗಿ ದಲ್ಲಾಳಿಗಳ ಬಾಯಲ್ಲಿ ‘ಹುಡುಗನಿಗೆ ವಯಸ್ಸಾಯ್ತಲ್ಲ’ ಎಂಬ ವಿಚಿತ್ರ ವಾಕ್ಯ ಹುಟ್ಟುತ್ತದೆ. ಇವನ ಜಾತಕ ಇಪ್ಪತ್ತಾರಕ್ಕೆ ಹೊರಟಿತು. ಮೊದಲು ಕೇಳಿದ್ದು ‘ಜಮೀನೆಷ್ಟು?’ ಆಮೇಲೆ ‘ಬೆಂಗಳೂರಲ್ಲಿ ಕೆಲಸವಾ?’ ಈಗ ‘ವಯಸ್ಸೆಷ್ಟು?’ ಮೂರಕ್ಕೂ ಅವನ ಉತ್ತರ ತಪ್ಪಾಗುತ್ತಿದೆ. ತಾಯಿ ಒಂದೆರಡು ವರ್ಷ ಕಡಿಮೆ ಹೇಳಲು ನೋಡುತ್ತಾಳೆ. ಆದರೆ ‘ಅಭಿಷೇಕದ ವರ್ಷ’ ಎಂಬ ಅವಳದೇ ಮಾತು ಊರಿಗೆಲ್ಲ ಗೊತ್ತಿದೆ!

ಹೆಣ್ಣುಮಕ್ಕಳೇ ಇಲ್ಲ ಎನ್ನುವ ಹಾಗೂ ಇಲ್ಲ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1010 ಹೆಂಗಸರಿದ್ದರು. ಹೆಣ್ಣುಮಕ್ಕಳಿದ್ದಾರೆ, ಹೊಲದ ಮನೆಗೆ ಬರಲು ಅವರಿಗೆ ಇಷ್ಟವಿಲ್ಲ. 2017ರ ಮಾರ್ಚ್‌ನಲ್ಲಿ ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೂ ಬೆಂಗಳೂರಿಗೂ ನೇರ ರೈಲು ಬಂದ ಮೇಲಂತೂ ಬೆಂಗಳೂರು ಪಕ್ಕದ ಬೀದಿಯಾಗಿದೆ. ಇದು ಒಂದು ಜಿಲ್ಲೆಯ ಗೋಳಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಮೂವತ್ತರ ಆಚೀಚೆಯ ಅವಿವಾಹಿತ ರೈತರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲೇ ಹೋದರು. ಓದಿದವರು ಕೆಲವರು ನಕ್ಕರು. ಅವನು ನಗಲಿಲ್ಲ.

ಹೆಣ್ಣುಮಕ್ಕಳನ್ನು ದೂರಲೂ ಅವನಿಗೆ ಬಾಯಿ ಬರುವುದಿಲ್ಲ. ಕಾರಣ, ಅರಕಲಗೂಡು ತಾಲ್ಲೂಕಿಗೆ ಕೊಟ್ಟ ಅವನ ತಂಗಿ. ರಾಮನಾಥಪುರದ ಮಾರುಕಟ್ಟೆಗೆ ಹೊಗೆಸೊಪ್ಪು ಹಾಕುವ ಮನೆ. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ಹಗಲು, ಐದಾರು ರಾತ್ರಿ ಬೆಂಕಿ ಆರದಂತೆ, ಕಾವು ಏರುಪೇರಾಗದಂತೆ ಕಾಯಬೇಕು. ಆ ಕಾವಲಿನಲ್ಲಿ ಅವಳಿಗೂ ಪಾಳಿ. ಇಪ್ಪತ್ತೊಂದಕ್ಕೆ ಮದುವೆಯಾಗಿ, ಇಪ್ಪತ್ತೈದಕ್ಕೆ ಎರಡು ಮಕ್ಕಳ ತಾಯಿಯಾದವಳು. ಅಣ್ಣ ಒಮ್ಮೆ ‘ನಂಗೆ ಮೂವತ್ತಾಗೋಯ್ತು ಕಣವ್ವ’ ಎಂದು ಫೋನಿನಲ್ಲಿ ನಿಟ್ಟುಸಿರು ಬಿಟ್ಟಾಗ ಅವಳು ನಕ್ಕುಬಿಟ್ಟಳು: ‘ನಂಗೆ ಅದು ಇಪ್ಪತ್ನಾಕಕ್ಕೇ ಆಯ್ತು ಕಣಣ್ಣ, ಯಾರೂ ಕೇಳ್ಲಿಲ್ಲ ಅಷ್ಟೆ.’ ಗಂಡಸಿಗೆ ಮೂವತ್ತಾದರೆ ಅವನು ಕಟ್ಟೆಯ ಮೇಲೆ ಕುಳಿತು ಯೋಚಿಸುತ್ತಾನೆ. ಹೆಂಗಸಿಗೆ ಆದರೆ ಒಲೆಯ ಮೇಲಿನ ಹಾಲು ಉಕ್ಕುತ್ತಿರುತ್ತದೆ. ಅವಳ ಮಗಳು ಓದಿ ಬೆಂಗಳೂರಿಗೆ ಹೋಗುತ್ತೇನೆಂದರೆ ಬೇಡವೆನ್ನಲು ಈ ಸೋದರಮಾವನಿಗೆ ಮನಸ್ಸು ಬಂದೀತೆ?

ಇಷ್ಟೆಲ್ಲ ಆದ ಮೇಲೆ 2025ರ ಮೇ, ಜೂನ್ ತಿಂಗಳುಗಳು ಬಂದವು. ಹಾಸನ ಜಿಲ್ಲೆಯಲ್ಲಿ ಹಠಾತ್ ಹೃದಯಾಘಾತದ ಸುದ್ದಿ ದಿನ ಬೆಳಗಾದರೆ ಪತ್ರಿಕೆಯಲ್ಲಿ. ಸತ್ತವರಲ್ಲಿ ವಿದ್ಯಾರ್ಥಿಗಳಿದ್ದರು, ಆಟೋ ಓಡಿಸುವವರಿದ್ದರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಹೊರಬಂತು. ಸಮಿತಿ ನೋಡಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದಲ್ಲ. ಹಿಂದಿನ ಲೆಕ್ಕದೊಂದಿಗೆ ಹೋಲಿಸಿದರೆ ಗಾಬರಿಪಡುವಂಥ ಏರಿಕೆಯೂ ಇಲ್ಲ. ಆದರೆ 24ರಲ್ಲಿ 14 ಮಂದಿ 45ರೊಳಗಿನವರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕುಡಿತ, ಧೂಮಪಾನ ಎಂಬ ಹಳೆಯ ಕಾರಣಗಳೇ ಅಲ್ಲೂ ಕಂಡವು.

ಆ ದಿನಗಳಲ್ಲಿ ಪತ್ರಿಕೆ ಓದುತ್ತ ಅವನಿಗೆ ಒಂದು ವಿಷಯ ಹೊಳೆಯಿತು. ಮೂವತ್ತೆರಡರವನೊಬ್ಬ ಸತ್ತರೆ ಪತ್ರಿಕೆಗಳೆಲ್ಲ ‘ಯುವಕ’ ಎಂದೇ ಬರೆಯುತ್ತವೆ. ಊರಿಗೆ ಊರೇ ‘ಇನ್ನೂ ಚಿಕ್ಕ ವಯಸ್ಸು, ಏನು ಕಂಡಿದ್ದ ಪಾಪ’ ಎನ್ನುತ್ತದೆ. ಅದೇ ವಯಸ್ಸಿನವನು ಹೆಣ್ಣು ಕೇಳಲು ಹೋದರೆ ‘ವಯಸ್ಸಾಯ್ತು’, ಕ್ರಿಕೆಟ್ಟಿಗೆ ಹೋದರೆ ‘ಅಂಪೈರ್ ಆಗಿ’, ಬಸ್ಸಿಗೆ ಹೋದರೆ ‘ಅಂಕಲ್’. ಯಾರ ತಕರಾರೂ ಇಲ್ಲದೆ ಇವನು ಮತ್ತೆ ಚಿಕ್ಕವನಾಗಬೇಕಾದರೆ ಸಾಯಬೇಕು! ಯೌವನ ಹೋಯಿತೆಂಬ ಕೊರಗಿಗೆ ಇದಕ್ಕಿಂತ ಗಟ್ಟಿಯಾದ ಔಷಧ ಇಲ್ಲ. ‘ಅಂಕಲ್’ ಎನ್ನಿಸಿಕೊಳ್ಳುವುದಕ್ಕೂ ಬದುಕಿರಬೇಕಷ್ಟೆ.

ಅವನೂ ಹಾಸನಕ್ಕೆ ಹೋಗಿ ಇಸಿಜಿ ಮಾಡಿಸಿದ. ಹೃದಯ ಸರಿಯಾಗಿತ್ತು, ಸಕ್ಕರೆ ಮಾತ್ರ ಗಡಿಯಲ್ಲಿ ನಿಂತಿತ್ತು. ಡಾಕ್ಟರು ಚೀಟಿಯಿಂದ ತಲೆಯೆತ್ತದೆ ‘ಇನ್ನೂ ಚಿಕ್ಕ ವಯಸ್ಸು ರೀ ನಿಮ್ಮದು, ಈಗಲೇ ಸಿಗರೇಟು ಬಿಡಿ’ ಎಂದರು. ಸಿಗರೇಟಿನ ಮಾತು ಅವನ ಕಿವಿಗೆ ಬಿದ್ದದ್ದು ಆಮೇಲೆ. ಬದುಕಿರುವಾಗಲೇ ‘ಚಿಕ್ಕ ವಯಸ್ಸು’ ಎನ್ನಿಸಿಕೊಂಡ ಸಂತೋಷದಲ್ಲಿ ಬಸ್ ನಿಲ್ದಾಣದವರೆಗೆ ನಡೆದೇ ಬಂದ. ಸಿಗರೇಟು ಪೂರ್ತಿ ಬಿಟ್ಟನೆಂದರೆ ಸುಳ್ಳಾದೀತು. ಬೆಳಗಿನದು ಬಿಟ್ಟಿದ್ದಾನೆ. ತಂಗಿಯ ಮನೆಯ ಬ್ಯಾರನ್ನಿನ ಹೊಗೆ ನೆನಪಾದಾಗ ಸಂಜೆಯದೂ ರುಚಿಸುವುದಿಲ್ಲವಂತೆ.

ಕಳೆದುಕೊಂಡದ್ದನ್ನೇ ಎಣಿಸುತ್ತ ಕೂತರೆ ಬಂದದ್ದು ಕಾಣುವುದಿಲ್ಲ. ಹುಡುಗ ಎಂದರೆ ಬರೀ ಕರಿ ಕೂದಲಲ್ಲ, ಅದು ಒಂದು ರಿಯಾಯಿತಿ. ಹುಡುಗ ತಪ್ಪು ಮಾಡಿದರೆ ‘ಹುಡುಗಬುದ್ಧಿ’, ಹೊತ್ತಾಗಿ ಬಂದರೆ ಮುಚ್ಚಿಟ್ಟ ಮುದ್ದೆ, ಸಾಲ ಮಾಡಿದರೆ ಅಪ್ಪನ ಜೇಬು. ಮೂವತ್ತಕ್ಕೆ ಆ ರಿಯಾಯಿತಿ ಮುಗಿಯುತ್ತದೆ. ಆದರೆ ಇನ್ನೇನೋ ಶುರುವಾಗುತ್ತದೆ. ಅವನ ಅಪ್ಪ ಒಂದು ದಿನವೂ ಮಗನನ್ನು ಯಾವುದಕ್ಕೂ ಕೇಳಿದವರಲ್ಲ. ಮುಂಗಾರು ಹನಿ ಹಾಕಿದರೆ ತಮ್ಮಷ್ಟಕ್ಕೆ ಬಿತ್ತನೆ ಆಲೂಗೆಡ್ಡೆ ತರುತ್ತಿದ್ದರು. ಅಂಗಮಾರಿ ರೋಗದಿಂದ ಎರಡು ವರ್ಷ ಕೈ ಸುಟ್ಟುಕೊಂಡ ಮೇಲೆ, ಒಂದು ಸಂಜೆ ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತ, ಬೇರೆ ಕಡೆ ನೋಡಿಕೊಂಡು ಕೇಳಿದರು: ‘ಈ ಸರ್ತಿ ಗೆಡ್ಡೆ ಹಾಕಾಣೇನ್ಲಾ, ಜೋಳ ಹಾಕಾಣೇನ್ಲಾ?’

ಆ ಪ್ರಶ್ನೆಗೆ ಅವನು ತಕ್ಷಣ ಉತ್ತರ ಕೊಡಲಾಗಲಿಲ್ಲ. ಮೂವತ್ತು ವರ್ಷ ಕಾದ ಮರ್ಯಾದೆ ಅದು, ಮತ್ತು ಅಪ್ಪನಿಗೆ ವಯಸ್ಸಾಯಿತೆಂಬ ಸುದ್ದಿಯೂ ಅದೇ. ಹಿಗ್ಗಬೇಕೋ ಅಳಬೇಕೋ ತಿಳಿಯದೆ ‘ಜೋಳವೇ ಹಾಕಾಣ’ ಎಂದ. ಆಮೇಲೆ ಒಂದೊಂದಾಗಿ ಬಂದವು. ತಾತನ ಹೆಸರಲ್ಲೇ ಉಳಿದಿದ್ದ ಪಹಣಿಗೆ ಪೌತಿ ಖಾತೆ ಮಾಡಿಸಲು ತಾಲ್ಲೂಕು ಕಚೇರಿ ಸುತ್ತಿದವನು ಅವನೇ. ಚಿಕ್ಕಪ್ಪನ ಸೊಸೈಟಿ ಸಾಲಕ್ಕೆ ಜಾಮೀನು ಹಾಕಲು ಕರೆದರು. ಅಂಗಡಿಗೆ ಕೆಲಸ ಕಲಿಯಲು ಬಂದ ಹುಡುಗನೊಬ್ಬ ಮೋಟಾರು ಸುಟ್ಟು ಹಾಕಿದಾಗ, ಬೈಯಲು ಬಾಯಿ ತೆರೆದವನ ನಾಲಗೆಗೆ ಬಂದದ್ದು ‘ಹೋಗ್ಲಿ ಬಿಡು, ಹುಡುಗಬುದ್ಧಿ’ ಎಂಬ ಮಾತು. ತನಗೆ ಮುಗಿದ ರಿಯಾಯಿತಿಯನ್ನು ಇನ್ನೊಬ್ಬನಿಗೆ ಕೊಡುವ ಅಧಿಕಾರ ಅವನಿಗೆ ಬಂದಿತ್ತು.

ವಯಸ್ಸೇ ಆಗದವನು ಈ ಜಿಲ್ಲೆಯಲ್ಲಿ ಒಬ್ಬನೇ. ಗಂಗರ ಮಂತ್ರಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ಮಾಡಿಸಿ ನಿಲ್ಲಿಸಿದ ಐವತ್ತೆಂಟು ಅಡಿಯ ಆ ಗೊಮ್ಮಟ. ಸಾವಿರ ವರ್ಷ ದಾಟಿದರೂ ಮುಖದಲ್ಲಿ ಒಂದು ಗೆರೆ ಇಲ್ಲ. ಆದರೆ ಅವನಿಗೂ ಹನ್ನೆರಡು ವರ್ಷಕ್ಕೊಮ್ಮೆ ನೀರು, ಹಾಲು, ಎಳನೀರು ಎರೆಯಲು ಕೊಡ ಹೊತ್ತು ಮೇಲೆ ಹತ್ತುವವರು ಬೇಕು. ಹೊರುವವರೆಲ್ಲ ವಯಸ್ಸಾಗುವವರೇ. ಪ್ರತಿ ಸಲವೂ ಹಿಂದಿನ ಸಲದವರಲ್ಲಿ ಕೆಲವರು ಇರುವುದಿಲ್ಲ, ಹೊಸಬರು ಬಂದಿರುತ್ತಾರೆ.

2030ಕ್ಕೆ ಅವನಿಗೆ ಮೂವತ್ತಾರು ನಡೆಯುತ್ತಿರುತ್ತದೆ. ತಾಯಿಗೆ ಮಂಡಿನೋವು. ಅಷ್ಟೂ ಮೆಟ್ಟಿಲು ತಾನೇ ಹತ್ತುವೆನೆಂದು ಅವಳು ಈಗಿನಿಂದಲೇ ಹಟ ಹಿಡಿದಿದ್ದಾಳೆ. ಡೋಲಿ ಮಾಡಿಸುತ್ತೇನೆಂದು ಅವನು ಸಮಾಧಾನ ಹೇಳುತ್ತಾನೆ. ಅದಕ್ಕೆ ಅವಳದು ಒಂದೇ ಉತ್ತರ: ‘ಡೋಲಿಗೆ ಮುಂಚೆ ಸೊಸೆ ತಾ.’