ಮಂಡಕಳ್ಳಿಯಿಂದ ಮದರಾಸಿಗೆ

ಉಮ್ಮತ್ತೂರು ಗುಡ್ಡದ ಬುಡದಲ್ಲಿ ಇನ್ನೂ ಕತ್ತಲು. ಈ ಹೊತ್ತಿನಲ್ಲಿ ಕೃಷ್ಣಮೃಗಗಳು ಹೊಲದಂಚಿಗೆ ಬಂದಿರುತ್ತವೆ, ಕಾರಿನ ದೀಪಕ್ಕೆ ಒಂದೂ ಸಿಗುವುದಿಲ್ಲ. ಹಿಂದಿನ ಸೀಟಿನಲ್ಲಿ ಅವ್ವ, ಮಡಿಲಲ್ಲಿ ಮೊಮ್ಮಗನಿಗೆಂದು ಕಟ್ಟಿದ ಗಂಟು.

"ಎಷ್ಟೊತ್ಗ ಹೋದದು ಮಗಾ, ಮದ್ರಾಸ್ಗ?"

"ಮ್ಯಾಕ್ ಎದ್ಮ್ಯಾಲ ಒಂದೂವರ ಗಂಟನೂ ಇಲ್ಲ ಕನವ್ವ."

ಮೇಲೇಳುವುದಕ್ಕೆ ಮುಂಚಿನ ಹೊತ್ತೇ ದೊಡ್ಡದು. ಊರೂರು ಸುತ್ತುವ ರಸ್ತೆ, ಉಬ್ಬುಗಳು, ನಂಜನಗೂಡಿನಲ್ಲಿ ಕಪಿಲೆಯ ಸೇತುವೆ, ಆಮೇಲೆ ಮೈಸೂರಿನ ಹೆದ್ದಾರಿ. ಮಂಡಕಳ್ಳಿ ಮುಟ್ಟುವಾಗ ಬೆಳಕು ಹರಿದಿದೆ. ನಿಲ್ದಾಣ ಚಿಕ್ಕದು. ಚೀಲ ತಪಾಸಣೆ ಮುಗಿಸಿ ಕೂತರೆ ಗಾಜಿನಾಚೆ ರನ್‌ವೇ ಅಷ್ಟೂ ಕಾಣುತ್ತದೆ. ಅದರ ಉದ್ದ 1,740 ಮೀಟರ್. ದೊಡ್ಡ ಜೆಟ್‌ಗೆ ಅದು ಸಾಲದು. ಉದ್ದ ಮಾಡೋಣವೆಂದರೆ ನಾವು ಈಗ ಬಂದ ನಂಜನಗೂಡು ರಸ್ತೆಯೇ ಅಡ್ಡ. ಮೈಸೂರು, ಚಾಮರಾಜನಗರದ ಜನ ಎಷ್ಟು ಬೇಗ ಎಲ್ಲಿಗೆ ಹಾರಬಹುದು ಎಂಬುದನ್ನು ಈ ಅಳತೆಯೇ ತೀರ್ಮಾನಿಸುತ್ತಿದೆ. ಇದಕ್ಕೊಂದು ದಾರಿ ಬೇಗ ಆಗಲೇಬೇಕು.

ಹೊರಗೆ ನಿಂತಿರುವುದು ಎಟಿಆರ್ 72. ಹತ್ತುವುದು ಹಿಂಬಾಗಿಲಿನಿಂದ. ಅವ್ವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ. ಕಿಟಕಿಯಾಚೆ ಆರು ರೆಕ್ಕೆಗಳ ಪ್ರೊಪೆಲರ್ ತಿರುಗತೊಡಗಿ, ಆರೂ ಕರಗಿ ಒಂದು ಬೂದು ಬಿಲ್ಲೆಯಾಗುತ್ತವೆ. ಓಟ, ಒಂದು ಎತ್ತು, ನೆಲ ಬಿಟ್ಟೆವು. ಅವ್ವನ ಉಗುರು ನನ್ನ ಮುಂಗೈಯಲ್ಲಿ.

ಎಡಕ್ಕೆ ಚಾಮುಂಡಿ ಬೆಟ್ಟ. ಬಲಕ್ಕೆ ಸ್ವಲ್ಪ ಹೊತ್ತಿನಲ್ಲೇ ತಿರುಮಕೂಡಲು, ಎರಡು ನದಿಗಳು ಕೂಡುವ ಜಾಗ. ಅದರಾಚೆಯ ಮಂಜಿನಲ್ಲೆಲ್ಲೋ ನಮ್ಮೂರು. ಮತ್ತೂ ಮುಂದೆ ಕಾವೇರಿ ಎರಡಾಗಿ ಸೀಳಿ ಶಿವನಸಮುದ್ರದ ನಡುಗಡ್ಡೆಯನ್ನು ತಬ್ಬುತ್ತದೆ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ ಮೊದಮೊದಲ ದಂಡಯಾತ್ರೆಯಲ್ಲೇ ಉಮ್ಮತ್ತೂರಿನ ಗಂಗರಾಜನ ಮೇಲೆ ಬಂದು ಮುರಿದ ಕೋಟೆ ಇದ್ದದ್ದು ಅಲ್ಲೇ. ದಂಡು ದಿನಗಟ್ಟಲೆ ತುಳಿದ ನೆಲ ರೆಕ್ಕೆಯಡಿ ನಿಮಿಷಗಳಲ್ಲಿ ಜಾರಿಹೋಗುತ್ತಿದೆ.

ಮಂಡಕಳ್ಳಿಯಿಂದ ಚೆನ್ನೈ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 390 ಕಿ.ಮೀ. ಬೆಂಗಳೂರಿನ ಮೇಲಿನ ರಸ್ತೆಯಲ್ಲಾದರೆ 500ಕ್ಕೆ ಹತ್ತಿರ. ಈ ವಿಮಾನ ಮೇಲೆ ನೆಲೆನಿಂತಾಗ ಗಂಟೆಗೆ 500 ಕಿ.ಮೀ. ಹೋಗುತ್ತದೆ, ಆ ಲೆಕ್ಕಕ್ಕೆ 50 ನಿಮಿಷ ಸಾಕು. ಟಿಕೆಟ್ಟಿನ ಹೊತ್ತು ಅದಕ್ಕಿಂತ ಹೆಚ್ಚು, ಯಾಕೆಂದರೆ ಅದರಲ್ಲಿ ಚಕ್ರ ಉರುಳಿದ ಕ್ಷಣದಿಂದ ಮತ್ತೆ ನಿಲ್ಲುವವರೆಗಿನದೆಲ್ಲ ಸೇರಿದೆ: ರನ್‌ವೇವರೆಗಿನ ತೆವಳಾಟ, ನಿಧಾನದ ಏರು, ವಾಯುಮಾರ್ಗದ ಬಳಸು, ಚೆನ್ನೈ ಮೇಲಿನ ಸರದಿ. ಗಾಳಿ ಎದುರಾದರೆ ಇನ್ನಷ್ಟು.

ಅವ್ವ ಈಗ ಕೈ ಬಿಟ್ಟಿದ್ದಾಳೆ. ಕೆಳಗೆ ತಮಿಳುನಾಡಿನ ಕೆರೆಗಳು ಒಂದಾದ ಮೇಲೊಂದು ಹೊಳೆಯುತ್ತವೆ, ಅವಳು ಬೆರಳು ಮಡಚಿ ಎಣಿಸುತ್ತಿದ್ದಾಳೆ.

ಇವತ್ತು ಗಾಳಿ ಕಡಲ ಕಡೆಯಿಂದ ಬೀಸುತ್ತಿದೆ. ವಿಮಾನಗಳು ಗಾಳಿಗೆ ಮುಖ ಕೊಟ್ಟೇ ಇಳಿಯಬೇಕು. ಹಾಗಾಗಿ ಪಶ್ಚಿಮದಿಂದ ಬಂದ ನಮಗೆ ಸಮುದ್ರದ ಮೇಲೆ ಹೋಗಿ ತಿರುಗುವ ಕೆಲಸವಿಲ್ಲ, ನೇರ ಇಳಿಯುವುದೇ. ಚಕ್ರ ನೆಲ ಮುಟ್ಟುತ್ತದೆ. ಸರದಿಯೂ ಕಾಯಿಸಲಿಲ್ಲ, ಟಿಕೆಟ್ಟು ಹೇಳಿದ್ದಕ್ಕಿಂತ ಮೊದಲೇ ಬಂದಿದ್ದೇವೆ. ಅವ್ವ ಬೆಲ್ಟ್ ಬಿಚ್ಚಿಸಿಕೊಂಡು, ಗಂಟು ಎತ್ತಿಕೊಂಡು, ಎಲ್ಲರಿಗಿಂತ ಮುಂಚೆ ಎದ್ದು ನಿಂತಳು.