ಕಿಟಕಿ ಸೀಟಿನ ಜಗಳ

ಪ್ರವಾಸದ ಒಪ್ಪಿಗೆ ಪತ್ರ ಬರೆಯುವ ಕೆಲಸ ಪ್ರತಿ ವರ್ಷ ನನ್ನ ಕೊರಳಿಗೇ ಬೀಳುತ್ತದೆ. ಇತಿಹಾಸದ ಮೇಷ್ಟ್ರು ಅಂದರೆ ಪ್ರವಾಸಕ್ಕೆಂದೇ ಹುಟ್ಟಿದವನು ಎಂದು ನಮ್ಮ ಸ್ಟಾಫ್ ರೂಮಿನವರ ನಂಬಿಕೆ. ಆ ಪತ್ರದ ಮೂರನೇ ನಿಯಮ, ಯಾರೂ ನೀರಿಗಿಳಿಯತಕ್ಕದ್ದಲ್ಲ. ನಾಲ್ಕನೆಯದು, ಯಾರೊಂದಿಗೂ ಜಗಳವಾಡತಕ್ಕದ್ದಲ್ಲ. ಕಾಳಿ ಹೊಳೆಯ ದಂಡೆಯಲ್ಲೇ ಬೆಳೆದ ದಾಂಡೇಲಿ ಹುಡುಗರು ಮೂರನೆಯದನ್ನು ಓದಿ ನಗುತ್ತಾರೆ. ನಾಲ್ಕನೆಯದನ್ನು ಓದುವುದೇ ಇಲ್ಲ.

ಬನವಾಸಿಗೆ ಎರಡು ದಿನದ ಪ್ರವಾಸ ಎಂದಾಗ ಸಹೋದ್ಯೋಗಿಯೊಬ್ಬರು ಆಕ್ಷೇಪ ತೆಗೆದರು. ಕದಂಬರ ಎರಡನೇ ರಾಜಧಾನಿ ಹಲಸಿ ಇಲ್ಲೇ ಹಳಿಯಾಳದ ಮಗ್ಗುಲಲ್ಲಿ, ಖಾನಾಪುರ ತಾಲ್ಲೂಕಿನಲ್ಲಿ ಬಿದ್ದಿರುವಾಗ ಅಷ್ಟು ದೂರ ಯಾಕೆ, ಸಂಜೆಗೆ ಮನೆ ಸೇರಬಹುದಲ್ಲ ಎಂದರು. ಮಾತು ಖರೆ. ಆದರೆ ಸಂಜೆಗೆ ಮನೆ ಸೇರುವುದೇ ಮಕ್ಕಳಿಗೆ ಬೇಡವಾಗಿತ್ತು.

ಶನಿವಾರ ಬೆಳಿಗ್ಗೆ ದಾಂಡೇಲಿಯಲ್ಲಿ ಹೊರಟ ಬಸ್ಸು ಹಳಿಯಾಳ ಮುಟ್ಟುವಷ್ಟರಲ್ಲಿ ನಾಲ್ಕನೇ ನಿಯಮ ಮುರಿದುಬಿತ್ತು. ಹಳಿಯಾಳದ ಹುಡುಗನೊಬ್ಬ ಗೆಳೆಯನ ಕೈಲಿ ಮೊದಲೇ ಕರವಸ್ತ್ರ ಕಳಿಸಿ ಕಿಟಕಿ ಸೀಟು ಹಿಡಿಸಿದ್ದ. ಹತ್ತಿ ನೋಡಿದರೆ ಅದೇ ಕರವಸ್ತ್ರದ ಮೇಲೆ ದಾಂಡೇಲಿಯ ಹುಡುಗ ಆರಾಮಾಗಿ ಕೂತಿದ್ದಾನೆ.

"ಏಳಪಾ, ಸೀಟ್ ನಂದೈತಿ."

"ನಿಂದಂತ ಎಲ್ಲಿ ಬರದೈತಿ, ತೋರಸು."

ಕೊರಳಪಟ್ಟಿಗೆ ಕೈ ಹೋಗುವ ಮೊದಲು ನಾನು ನಡುವೆ ನುಗ್ಗಿ, ಕಲಘಟಗಿ ತನಕ ಒಬ್ಬ, ಅಲ್ಲಿಂದ ಇನ್ನೊಬ್ಬ ಎಂದು ಪಂಚಾಯ್ತಿ ಮಾಡಿದೆ. ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ. ಎಂದಮೇಲೆ ನ್ಯಾಯ ಸರಿಯಾಗಿಯೇ ಇದ್ದಿರಬೇಕು.

ಗಮನ ತಿರುಗಿಸಲು ಕದಂಬರ ಮೊದಲ ಅರಸ ಮಯೂರಶರ್ಮನ ಕತೆ ಎತ್ತಿಕೊಂಡೆ. ಮಕ್ಕಳಿಗೆ ಮಯೂರ ಅಂದರೆ ರಾಜಕುಮಾರ್. 1975ರ ಆ ಸಿನಿಮಾದ ತುಣುಕುಗಳು ಇವರ ಮೊಬೈಲಿನಲ್ಲೂ ಇವೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಒಂದು ಕಂಬವಿದೆ. ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನ ಅದರ ಮೇಲಿದೆ. ಅದರ ಪ್ರಕಾರ ಮಯೂರಶರ್ಮ ಮೊದಲು ರಾಜನಲ್ಲ, ವಿದ್ಯಾರ್ಥಿ. ಗುರು ವೀರಶರ್ಮನ ಜತೆಗೆ ಪಲ್ಲವರ ರಾಜಧಾನಿ ಕಂಚಿಗೆ, ಅಲ್ಲಿನ ಘಟಿಕೆಯಲ್ಲಿ ಓದಲು ಹೋದವನು. ಅಲ್ಲಿ ಕುದುರೆ ಸವಾರನೊಬ್ಬನ ಜತೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಸಮಿತ್ತು ಹಿಡಿದ ಕೈ ಕತ್ತಿ ಹಿಡಿಯಿತು. ಶ್ರೀಪರ್ವತದ ಕಾಡಿಗೆ ನುಗ್ಗಿ ಪಲ್ಲವರ ಗಡಿ ಕಾವಲಿನವರನ್ನು ಹಣ್ಣು ಮಾಡಿದ. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಬೇಕಾಯಿತು. ನಾಲ್ಕನೇ ಶತಮಾನದ ನಡುವಿನ ಮಾತು ಇದು. ಕನ್ನಡ ನೆಲದಲ್ಲಿ ಎದ್ದ ಮೊದಲ ದೊಡ್ಡ ರಾಜ್ಯ ಹೀಗೆ ಶುರುವಾಯಿತು.

"ಜಗಳ ಯಾತಕ್ಕ ಆತ್ರಿ ಸರ್?" ಹಿಂದಿನಿಂದ ಒಂದು ದನಿ.

"ಶಾಸನದಾಗ ಹೇಳಿಲ್ಲ."

"ಕಿಟಕಿ ಸೀಟಿಗೇ ಇರಬೇಕ್ರಿ."

ಬಸ್ಸು ಹೋ ಎಂದಿತು. ನಾಲ್ಕನೇ ನಿಯಮ ಬರೆದ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ರಾತ್ರಿ ಮುಂಡಗೋಡದಲ್ಲಿ ವಸ್ತಿ. ಸಂಜೆ ಟಿಬೇಟಿಯನ್ ಕ್ಯಾಂಪಿಗೆ ಹೋದೆವು. 1966ರಲ್ಲಿ ನಿರಾಶ್ರಿತರಿಗಾಗಿ ಕಾಡಂಚಿನಲ್ಲಿ ಕಟ್ಟಿದ ಊರು. ಲ್ಹಾಸಾದ ಬಳಿ 15ನೇ ಶತಮಾನದಲ್ಲಿ ಹುಟ್ಟಿದ ಗಂದೆನ್, ದ್ರೆಪುಂಗ್ ಮಠಗಳು ಈಗ ಇಲ್ಲಿ ಗೋವಿನಜೋಳದ ಹೊಲಗಳ ನಡುವೆ ನಿಂತಿವೆ. ಮೊಮೊ ತಿಂದ ಹುಡುಗಿಯೊಬ್ಬಳು "ನಮ್ಮ ಕಡಬಿನಂಗ ಐತ್ರಿ, ಹೂರಣ ಅಷ್ಟ ಬ್ಯಾರೆ" ಎಂದು ತೀರ್ಪು ಕೊಟ್ಟಳು.

ಮಠದ ಅಂಗಳದಲ್ಲಿ ವಾದ ನಡೆದಿತ್ತು. ಒಬ್ಬ ಭಿಕ್ಷು ನೆಲದ ಮೇಲೆ ಕೂತಿದ್ದ, ಇನ್ನೊಬ್ಬ ಎದುರು ನಿಂತಿದ್ದ. ನಿಂತವನು ಪ್ರಶ್ನೆ ಎಸೆಯುತ್ತಾನೆ, ಎಡಗಾಲು ಎತ್ತಿ ನೆಲಕ್ಕೆ ಅಪ್ಪಳಿಸುತ್ತಾನೆ, ಅದೇ ಏಟಿಗೆ ಬಲಗೈಯಿಂದ ಎಡಗೈಗೆ ಫಟ್ಟೆಂದು ಚಪ್ಪಾಳೆ. ಕೂತವನು ಉತ್ತರ ಕೊಟ್ಟೇ ತೀರಬೇಕು. ಇಂಥ ಹತ್ತಾರು ಜೋಡಿ ಒಂದೇ ಅಂಗಳದಲ್ಲಿ, ಸಂತೆಯ ಗದ್ದಲ. ಬಡಿದಾಡುತ್ತಿದ್ದಾರೆ ಎಂದೇ ನಮ್ಮ ಮಕ್ಕಳು ತಿಳಿದರು. ಜಗಳವಲ್ಲ, ಇದೇ ಅವರ ಓದು, ಈ ಪದ್ಧತಿಯ ಬೇರು ನಾಲಂದದಲ್ಲಿದೆ ಎಂದೆ. ಸೀಟು ಕಳಕೊಂಡ ಹಳಿಯಾಳದ ಹುಡುಗ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ.

ನಾಲಂದ ಎಂದಮೇಲೆ ಹ್ಯೂಯೆನ್ ತ್ಸಾಂಗ್ ಬರಲೇಬೇಕು. ತಾಂಗ್ ಅರಸರ ರಾಜಧಾನಿ ಚಾಂಗಾನ್, ಈಗಿನ ಷಿಯಾನ್, ಅಲ್ಲಿಂದ ಅವನು ಹೊರಟಾಗ ದೇಶ ಬಿಡಬಾರದೆಂಬ ಆಜ್ಞೆ ಇತ್ತು. ಒಪ್ಪಿಗೆ ಪತ್ರವಿಲ್ಲದೆ ಕದ್ದು ಹೊರಟ ವಿದ್ಯಾರ್ಥಿ. 645ರಲ್ಲಿ 657 ಗ್ರಂಥಗಳ ಹೊರೆಯೊಂದಿಗೆ ಅದೇ ರಾಜಧಾನಿಗೆ ಮರಳಿದಾಗ ಊರಿಗೆ ಊರೇ ಎದುರುಗೊಂಡಿತು. ದಕ್ಷಿಣದಲ್ಲಿ ತಾನು ಕಂಡ ಕೊಂಕಣಪುರ ಎಂಬ ಊರಿನ ಬಗ್ಗೆ ಅವನು ಬರೆದಿದ್ದಾನೆ. ಅದು ಬನವಾಸಿಯೇ ಎಂದು ಕೆಲವು ವಿದ್ವಾಂಸರು, ಅಲ್ಲವೇ ಅಲ್ಲ ಎಂದು ಇನ್ನು ಕೆಲವರು. ಅಲ್ಲೂ ಚಪ್ಪಾಳೆ ನಡೆದೇ ಇದೆ.

ಭಾನುವಾರ ಬನವಾಸಿ. ಬಸ್ಸಿಳಿದ ಕೂಡಲೆ ಕೇಳಿದ ಪ್ರಶ್ನೆ ಒಂದೇ: "ಸರ್, ಅರಮನಿ ಎಲ್ಲೈತ್ರಿ?" ಅರಮನೆ ಇಲ್ಲ. ಹಂಚಿನ ಮನೆಗಳು, ಅನಾನಸ್ ತೋಟ, ಮೂರು ಕಡೆಯಿಂದ ಊರನ್ನು ಬಳಸಿ ಹರಿಯುವ ವರದೆ, ಅಲ್ಲಲ್ಲಿ ಹಳೆಯ ಕೋಟೆಯ ಕುರುಹು. ಮಕ್ಕಳ ಮುಖ ಬಾಡಿತು. ಮಧುಕೇಶ್ವರನ ಎದುರಿನ ದೊಡ್ಡ ನಂದಿ ಒಂದು ಕಣ್ಣಲ್ಲಿ ಶಿವನನ್ನೂ ಇನ್ನೊಂದರಲ್ಲಿ ಪಾರ್ವತಿಯನ್ನೂ ನೋಡುತ್ತದಂತೆ ಎಂದಾಗ ಸ್ವಲ್ಪ ಚೇತರಿಸಿಕೊಂಡರು. ಕಲ್ಲಿನ ಮಂಚ ಕಂಡಾಗ ಇನ್ನೂ ಸ್ವಲ್ಪ.

ನನಗೆ ಮಾತ್ರ ಅಲ್ಲಿ ಪ್ರೀತಿ ನಾಗರಕಲ್ಲಿನ ಮೇಲೆ. ಐದು ಹೆಡೆಯ ಹಾವು, ಅಂಚಿನಲ್ಲಿ ಬ್ರಾಹ್ಮಿ ಅಕ್ಷರ, ಪ್ರಾಕೃತ ಮಾತು. ಕದಂಬರಿಗೂ ಹಿಂದಿನ ಚುಟು ಅರಸರ ಕಾಲದ್ದು. ರಾಜಕುಮಾರಿಯೊಬ್ಬಳು ನಾಗ, ಕೆರೆ, ವಿಹಾರ ಮೂರನ್ನೂ ಮಾಡಿಸಿದಳೆಂದು ಅದರಲ್ಲಿದೆ. ಕಡೆದವನು ನಟಕ, ಇಂಥ ಆಚಾರ್ಯನ ಶಿಷ್ಯ ಎಂದು ಗುರುವಿನ ಹೆಸರನ್ನೂ ಕಲ್ಲಿಗೆ ಹಾಕಿದ್ದಾನೆ. ಅರಮನೆ ಹೋಯಿತು, ಒಬ್ಬ ವಿದ್ಯಾರ್ಥಿಯ ಸಹಿ ಉಳಿಯಿತು.

ಜೋಯಿಡಾದ ಹುಡುಗಿಯೊಬ್ಬಳು ಇಡೀ ದಿನ ಬಾಯಿ ಬಿಟ್ಟಿರಲಿಲ್ಲ. ವರದೆಯ ಮೆಟ್ಟಿಲ ಮೇಲೆ ಕೂತು, ಉಪ್ಪು ಖಾರ ಸವರಿದ ಅನಾನಸ್ ಹೋಳು ಚೀಪುತ್ತ ಹೇಳಿದಳು: "ಸರ್, ನಮ್ಮ ಸೂಪಾನೂ ರಾಜಧಾನಿನೇ ಆಗಿತ್ತು. ತಾಲ್ಲೂಕಿಂದು."

ಕಾಳಿಗೆ ಅಡ್ಡ 101 ಮೀಟರ್ ಎತ್ತರದ ಅಣೆಕಟ್ಟು ಬಂದಾಗ ಸೂಪಾ ಪೇಟೆ ನೀರಿನಡಿ ಹೋಯಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ಜನ ರಾಮನಗರಕ್ಕೆ ಎದ್ದು ಹೋದರು. ಅವಳ ಅಜ್ಜಿ ಈಗಲೂ ದಾರಿ ಹೇಳುವಾಗ ಸೂಪಾದ ಓಣಿಗಳನ್ನೇ ಹಿಡಿದು ಹೇಳುತ್ತಾಳಂತೆ: ಸಂತೆ ಇಲ್ಲಿ, ಗುಡಿ ಅಲ್ಲಿ, ಬಲಕ್ಕೆ ತಿರುಗಿದರೆ ಮನೆ. "ಇಲ್ಲಿ ಕಲ್ಲಾದರೂ ಉಂಟಲ್ಲ ಸರ್" ಎಂದು ಹೋಳಿನ ತುದಿಯನ್ನು ಹೊಳೆಯ ಮೀನಿಗೆ ಎಸೆದಳು. ಮೂರನೇ ನಿಯಮ ಬರೆಯುವಾಗ ನನಗೆ ಈ ಹುಡುಗಿಯ ನೆನಪೇ ಆಗಿರಲಿಲ್ಲ.

ವಾಪಸು ಹೊರಟಾಗ ಕತ್ತಲಾಗಿತ್ತು. ಕಿಟಕಿ ಸೀಟಿನ ವ್ಯಾಜ್ಯ ಮತ್ತೆ ಕೈಗೆ ಬಂತು, ಆದರೆ ಈ ಸಲ ಹೊಸ ಪದ್ಧತಿಯಲ್ಲಿ. ದಾಂಡೇಲಿಯವನು ಸೀಟಿನಲ್ಲಿ ಕಾಲು ಮಡಿಚಿ ಕೂತಿದ್ದ. ಹಳಿಯಾಳದವನು ನಡುದಾರಿಯಲ್ಲಿ ಎಡಗಾಲೆತ್ತಿ ನಿಂತಿದ್ದ.

"ಕರವಸ್ತ್ರ ಯಾರದು?" ಫಟ್.

"ನಿಂದು."

"ಕರವಸ್ತ್ರ ಇಟ್ಟವಗ ಸೀಟೋ, ಕುಂತವಗ ಸೀಟೋ?" ಫಟ್.

"ಟಿಕೇಟು ಕಾಲೇಜಿಂದು. ಇಬ್ಬರದೂ ಅಲ್ಲ."

ಬಸ್ಸು ತುಂಬ ಸಿಳ್ಳೆ. ತಿರುವಿನಲ್ಲಿ ನಿಂತವನು ತೂರಾಡಿ ನನ್ನ ಮಡಿಲಿಗೆ ಬಿದ್ದ. "ಏ ತಮ್ಮಾ, ಕೂಡ್ರಪಾ ಸುಮ್ನ!" ಎಂದು ಡ್ರೈವರ್ ಗದರಿದ. ಅವನು ಕೂಡ್ರಲಿಲ್ಲ. ಇನ್ನೊಂದು ಪ್ರಶ್ನೆ ಹೊಂದಿಸಿಕೊಂಡು ಕಾಲೆತ್ತುವಷ್ಟರಲ್ಲಿ ಪ್ರತಿವಾದಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ.